ಚಿನ್ಮಯಿಗೆ ನಾಲ್ಕನೇ ಸ್ಥಾನ

ಶಸ್ತ್ರಚಿಕಿತ್ಸೆ ಮುಗಿದು, ಗಂಟಲಿಗೆ ಇಳಿಸಿದ್ದ ಉಸಿರಿನ ಕೊಳವೆಯನ್ನು ಹೊರತೆಗೆದ ಎರಡನೇ ನಿಮಿಷಕ್ಕೆ ಪ್ರಣೀತನ ನಾಲಗೆ ಹಿಂದಕ್ಕೆ ಜಾರಿತು. ಅರಿವಳಿಕೆ ಇನ್ನೂ ಪೂರ್ತಿ ಇಳಿದಿರಲಿಲ್ಲ. ಸಡಿಲಗೊಂಡ ನಾಲಗೆ ಉಸಿರಿನ ದಾರಿಗೆ ಅಡ್ಡ ಬೀಳುವುದು ಇಂಥ ಹೊತ್ತಿನಲ್ಲೇ. ಕೊರಳಿಗೆ ಸುತ್ತಿದ್ದ ತೆಳು ಪಟ್ಟಿ ಅದನ್ನು ಕೂಡಲೇ ಗುರುತಿಸಿ, ಹೆಂಗಸಿನ ದನಿಯಲ್ಲಿ ಮೆಲ್ಲಗೆ ಕರೆಯಿತು: "ಪಾಪು, ಏಯ್ ಪಾಪು, ಇಲ್ಲಿ ನೋಡೋ." ನಿದ್ದೆಯಲ್ಲೇ ಅವನ ಗಂಟಲಿನ ಸ್ನಾಯುಗಳು ಬಿಗಿದುಕೊಂಡು ನಾಲಗೆಯನ್ನು ಮುಂದಕ್ಕೆಳೆದವು. ಉಸಿರು ಸಲೀಸಾಯಿತು.

ಪಕ್ಕದಲ್ಲಿ ನಿಂತಿದ್ದ ಹೆಂಡತಿ ಚಿನ್ಮಯಿ ಮಾತ್ರ ಸರಕ್ಕನೆ ಡಾಕ್ಟರ ಕಡೆ ತಿರುಗಿದಳು. ಆ ದನಿ ಗಂಡನ ಅಕ್ಕ ತೇಜಸ್ವಿನಿಯದು.

"ಇಪ್ಪತ್ತಾರು ವರ್ಷ ಸಂಸಾರ ಮಾಡಿರೋಳು ನಾನು, ಡಾಕ್ಟ್ರೇ. ನನ್ನ ದನಿ ಯಾಕೆ ಹಾಕ್ಲಿಲ್ಲ?"

ಪಟ್ಟಿಯನ್ನು ಕಂಡುಹಿಡಿದ ಡಾ. ಸಂಹಿತಾ ನಿಧಾನವಾಗಿ ಹೇಳಿದರು: "ಆರಿಸೋದು ನಾನಲ್ಲಮ್ಮ. ಹಿಂದಿನ ದಿನ ಅವರು ಮಲಗಿದ್ದಾಗ ಹತ್ತು ದನಿ ಕೇಳಿಸಿರ್ತೀವಿ. ಯಾವುದಕ್ಕೆ ಗಂಟಲಿನ ಸ್ನಾಯು ಚೆನ್ನಾಗಿ ಬಿಗಿದು ಉಸಿರಿನ ದಾರಿ ತೆರೆಯುತ್ತೋ ಅದನ್ನ ಯಂತ್ರ ಇಟ್ಕೊಳ್ಳುತ್ತೆ."

ಡಾಕ್ಟರು ತೋರಿಸಿದ ಲಿಸ್ಟನ್ನು ಚಿನ್ಮಯಿ ನೋಡಿದಳು. ಮೊದಲು ತೇಜಸ್ವಿನಿ, ಆಮೇಲೆ ಆಫೀಸಿನ ಗೆಳೆಯ, ಮೂರನೆಯದು ಮನೆಯ ನಾಯಿ. ನಾಲ್ಕನೆಯದು ಚಿನ್ಮಯಿ.

"ಅಯ್ಯೋ, ನಾಯಿಗಿಂತ ಕೆಳಗಾ ನಾನು!"

"ಪ್ರೀತಿ ಅಳೆಯೋ ಮೀಟರ್ ಅಲ್ಲಮ್ಮ ಇದು. ಯಾರ ದನಿಗೆ ಮೆದುಳು ಕಿವಿ ನಿಮಿರಿಸುತ್ತೆ ಅನ್ನೋದು ಮಾತ್ರ ಇದಕ್ಕೆ ಗೊತ್ತು."

ಈ ಸಮಾಧಾನ ಅವಳಿಗೆ ಎಲ್ಲಿ ನಾಟಬೇಕು? ತೇಜಸ್ವಿನಿಯ ಜೊತೆ ಮಾತು ಬಿಟ್ಟಳು. ಅಕ್ಕತಮ್ಮ ಫೋನಿನಲ್ಲಿ ಮಾತಿಗೆ ಕೂತರೆ ಅಡುಗೆಮನೆಯ ನಲ್ಲಿ ನಿಲ್ಲಿಸಿ, ಮಿಕ್ಸಿ ಆರಿಸಿ, ಒಂದೊಂದು ಅಕ್ಷರವನ್ನೂ ಕೇಳಿಸಿಕೊಂಡು ಒಳಗೊಳಗೇ ಕುದಿಯುತ್ತಿದ್ದಳು.

ಅವಳೊಬ್ಬಳ ಕತೆಯಲ್ಲ ಇದು. ಪಟ್ಟಿ ಬಂದ ಮೇಲೆ ಕೊಳವೆ ತೆಗೆದಾಗ ಉಸಿರುಕಟ್ಟುವುದು ನಾಡಿನಲ್ಲೆಲ್ಲ ಅಪರೂಪವಾಯಿತು, ನಿಜ. ಆದರೆ ಮನೆಮನೆಗಳಲ್ಲಿ ಹೊಸ ಜಗಳ ಹುಟ್ಟಿಕೊಂಡಿತು. ಮದುವೆಯ ಮಾತುಕತೆಗೆ ಬಂದವರು, ಹುಡುಗನ ಲಿಸ್ಟಿನಲ್ಲಿ ಮೊದಲು ಯಾರಿದ್ದಾರೆ ಎಂದು ಕೇಳತೊಡಗಿದರು.

ಎರಡು ವರ್ಷದ ಮೇಲೆ, 2063ರಲ್ಲಿ, ಪಿತ್ತಕೋಶದ ಕಲ್ಲಿಗೆ ಚಿನ್ಮಯಿಯೇ ಅದೇ ಆಸ್ಪತ್ರೆ ಸೇರಿದಳು. ದನಿ ಪರೀಕ್ಷೆ ಮುಗಿಸಿ ಬಂದ ಸಂಹಿತಾ ಲಿಸ್ಟನ್ನು ಅವಳ ಕೈಗಿಟ್ಟರು. ಪ್ರಣೀತ್ ಆರನೆಯವನು. ಮೊದಲನೆಯವಳು, ಉಳಿದವರ್ಯಾರೂ ಹತ್ತಿರಕ್ಕೂ ಬಾರದಷ್ಟು ಮುಂದೆ, ತೇಜಸ್ವಿನಿ.

"ಸಾಧ್ಯಾನೇ ಇಲ್ಲ! ನಮ್ಮ ಯಜಮಾನ್ರ ದನೀನೇ ಹಾಕಿ."

"ನಿಮ್ಮ ಗಂಟಲು ಮೊದಲೇ ಕಿರಿದು. ಅವರ ದನಿಗೆ ಅದು ಮಿಸುಕೋದೂ ಇಲ್ಲ. ಉಸಿರುಕಟ್ಟಿದ್ರೆ ಮತ್ತೆ ಕೊಳವೆ ಇಳಿಸೋದೂ ಕಷ್ಟ. ನಿಮ್ಮ ಹೆಸರು ಹಿಡಿದು ಕರೆಯೋ ಹಾಗೆ ಹೊಸದಾಗಿ ತೇಜಸ್ವಿನಿಯವರ ಹತ್ರ ದನಿ ರೆಕಾರ್ಡ್ ಮಾಡಿಸ್ಕೊಳ್ಳಿ."

ನಾಚಿಕೆಗಿಂತ ಜೀವ ದೊಡ್ಡದು. ಚಿನ್ಮಯಿ ಹಲ್ಲು ಕಚ್ಚಿ ಫೋನ್ ಮಾಡಿದಳು. "ಅತ್ತಿಗೆ, ನಾನು. ಆಸ್ಪತ್ರೆ ಪಟ್ಟಿಗೆ, ನನ್ ಹೆಸರು ಹಿಡಿದು ಒಂದೆರಡು ಮಾತು ರೆಕಾರ್ಡ್ ಮಾಡಿ ಕಳಿಸ್ಬೇಕು."

"ಆಗ್ಲಿ ಕಣೇ, ಕಳಿಸ್ತೀನಿ," ಎಂದಳು ತೇಜಸ್ವಿನಿ.

ಮರುದಿನ ಕೊಳವೆ ತೆಗೆದಾಗ ಚಿನ್ಮಯಿಯ ಉಸಿರಿನ ದಾರಿ ಮೂರು ಸಲ ಮುಚ್ಚಿಕೊಳ್ಳಲು ನೋಡಿತು. ಮೂರು ಸಲವೂ ಪಟ್ಟಿ ಕರೆಯಿತು: "ಚಿನ್ಮಯಿ, ಪಾಪು ನಿನ್ ಬಗ್ಗೆ ನನ್ ಹತ್ರ ಏನ್ ಹೇಳ್ದ ಗೊತ್ತೇನೇ?" ಮೂರು ಸಲವೂ ಗಂಟಲು ಪೂರ್ತಿ ತೆರೆದುಕೊಂಡಿತು. ಸಂಹಿತಾ ಅಷ್ಟು ಚುರುಕಾದ ಗಂಟಲನ್ನು ಹಿಂದೆಂದೂ ಕಂಡಿರಲಿಲ್ಲ.

ಸಂಜೆ ಹಣ್ಣು ಹಿಡಿದು ನೋಡಲು ಬಂದ ತೇಜಸ್ವಿನಿಯನ್ನು ಚಿನ್ಮಯಿ ಒಡೆದ ದನಿಯಲ್ಲಿ ಕೇಳಿದ ಮೊದಲ ಮಾತು: "ಏನ್ ಹೇಳ್ದ್ರು ಅತ್ತಿಗೆ, ನನ್ ಬಗ್ಗೆ?"

"ಏನೂ ಹೇಳಿಲ್ಲ ಕಣೇ, ನೀನು ಕಿವಿ ನಿಮಿರಿಸ್ಲಿ ಅಂತ ಹಾಗಂದೆ," ಎಂದಳು ತೇಜಸ್ವಿನಿ, ಅವಳ ಹಣೆಯ ಮೇಲಿನ ಕೂದಲು ಸರಿಸುತ್ತ. "ಇಷ್ಟು ವರ್ಷದಲ್ಲಿ ಒಂದು ದಿನಾನೂ ಏನೂ ಹೇಳಿಲ್ಲ."