ತಾಮ್ರ ಮುರಿದ ವಿಷ

ಬಿಂದುಮಾಧವರು ಅಡುಗೆಮನೆಯ ಬಾಗಿಲಲ್ಲೇ ಕುಸಿದು ಬಿದ್ದಿದ್ದರು. ಬಾಯಲ್ಲಿ ನೊರೆ. ಮೈಯೆಲ್ಲ ಬೆವರು. ಪಕ್ಕದಲ್ಲಿ ಚಹಾದ ಕಪ್ಪು ಉರುಳಿತ್ತು. ಅಡುಗೆಯ ಕಲ್ಲವ್ವನ ಕೂಗು ಕೇಳಿ ನೆರೆಯವರು ಓಡಿಬಂದರು, ಆಸ್ಪತ್ರೆಗೆ ಸಾಗಿಸಿದರು.

ಸಬ್ ಇನ್‌ಸ್ಪೆಕ್ಟರ್ ಶರ್ವರಿ ಬಿಬವೇವಾಡಿ ಬಡಾವಣೆಯ ಆ ಫ್ಲ್ಯಾಟಿಗೆ ಬರುವ ಹೊತ್ತಿಗೆ ಡಾಕ್ಟರರ ಫೋನು ಬಂದಿತ್ತು. ಕೀಟನಾಶಕದ ವಿಷ. ಜೀವಕ್ಕೆ ಅಪಾಯವಿಲ್ಲ, ಆದರೆ ಮಾತಾಡಲು ಕೆಲವು ದಿನ ಬೇಕು.

ಬಿಂದುಮಾಧವರು ಧಾರವಾಡದ ಕಡೆಯವರು, ನಿವೃತ್ತ ರಸಾಯನ ತಜ್ಞರು. ಮದುವೆಯಾಗಿರಲಿಲ್ಲ. ತಾವು ಹಿಂದೆ ದುಡಿದ ಕುರಕುಂಭದ ಕೀಟನಾಶಕ ಕಾರ್ಖಾನೆ ಹಳ್ಳಕ್ಕೆ ವಿಷದ ನೀರು ಬಿಡುತ್ತಿದೆ ಎಂಬ ಕೇಸಿನಲ್ಲಿ ಅವರೇ ಮುಖ್ಯ ಸಾಕ್ಷಿ. ವಿಚಾರಣೆ ಹತ್ತಿರದಲ್ಲೇ ಇತ್ತು.

ಸಿಂಕಿನ ಕೆಳಗೆ ಒಂದು ಕೀಟನಾಶಕದ ಬಾಟಲಿ ಸಿಕ್ಕಿತು. ತಂದವಳು ಕಲ್ಲವ್ವ. ಚಹಾ ಕೊಟ್ಟವಳೂ ಅವಳೇ. ಮೇಲಧಿಕಾರಿ ಅವಳನ್ನು ಠಾಣೆಗೆ ಕರೆಸಿ ಕೂರಿಸಿದರು.

ಶರ್ವರಿ ಬೆಳಗಾವಿಯವಳು. ಬರೀ ಮರಾಠಿ ನಡೆಯುವ ಆ ಠಾಣೆಯಲ್ಲಿ ಅವಳ ಕನ್ನಡ ಕೇಳಿದ್ದೇ ಕಲ್ಲವ್ವನ ಕಣ್ಣು ತುಂಬಿತು.

"ಬಾಟ್ಲಿ ಯಾಕ ತಂದಿದ್ರಿ, ಅವ್ವಾ?"

"ಜಿರಳಿಗ್ರೀ. ಅವರ ಮನಿ ಉಪ್ಪು ತಿಂದೀನಿ. ಅವರಿಗೇ ವಿಷ ಹಾಕ್ತೀನೇನ್ರಿ?"

* * *

ಚಹಾದಲ್ಲಿ ವಿಷವಿರಲಿಲ್ಲ. ವಿಷ ಇದ್ದದ್ದು ಹಾಸಿಗೆ ಪಕ್ಕದ ತಾಮ್ರದ ತಂಬಿಗೆಯಲ್ಲಿ, ಅದೂ ಚೂರೇ ಚೂರು. ಬಿಂದುಮಾಧವರು ಸಂಜೆ ಅದಕ್ಕೆ ನೀರು ತುಂಬಿಟ್ಟು ಬೆಳಗ್ಗೆ ಎದ್ದ ಕೂಡಲೇ ಕುಡಿಯುತ್ತಿದ್ದರು.

ಬೆಳಗ್ಗೆ ಬಂದವಳು ಕಲ್ಲವ್ವ ಒಬ್ಬಳೇ, ಅವಳೇ ಬೆರೆಸಿದ್ದಾಳೆ ಎಂದು ಮೇಲಧಿಕಾರಿ ಕೈ ತೊಳೆದುಕೊಂಡರು. ಶರ್ವರಿಗೆ ಸಮಾಧಾನವಾಗಲಿಲ್ಲ. ಹಿಂದಿನ ಮಧ್ಯಾಹ್ನವೇ ಕಲ್ಲವ್ವ ಖರಾಡಿಯಲ್ಲಿರುವ ಮಗಳ ಮನೆಗೆ ಹೋಗಿದ್ದಳು. ಸಂಜೆ ಬಂದವನು ಬೇರೆ. ಕಾರ್ಖಾನೆಯ ಮ್ಯಾನೇಜರ್ ಶಿವಪ್ರಕಾಶ.

ಅವನು ಭೇಟಿಯನ್ನು ಮುಚ್ಚಿಡಲಿಲ್ಲ. ಹಳೆಯ ಸಹೋದ್ಯೋಗಿ, ನೋಡಲು ಹೋಗಿದ್ದೆ ಎಂದ. ನಗುತ್ತಲೇ ಸೇರಿಸಿದ: "ನಾ ಹೋಗಿದ್ದು ಸಂಜಿಗೆ. ವಿಷ ಬಿದ್ದದ್ದು ಮುಂಜಾನೆ ಅಂತೀರಿ. ನನಗೇನು ಸಂಬಂಧ ರೀ?"

ವಿಷ ಬಿದ್ದದ್ದು ಸಂಜೆಯೋ, ಬೆಳಗ್ಗೆಯೋ? ಎಲ್ಲ ನಿಂತಿದ್ದು ಅದೊಂದರ ಮೇಲೆ.

* * *

ಪ್ರಯೋಗಾಲಯದ ಇಂದೂ ಕರೆ ಮಾಡಿದಳು. ನೀರಿನಲ್ಲಿ ವಿಷ ಕಡಿಮೆ, ನಿಜ. ಆದರೆ ಮುರಿದ ವಿಷದ ಚೂರುಗಳು ರಾಶಿ ಇವೆ. ಎಲ್ಲ ಕೂಡಿಸಿದರೆ ಆ ನೀರು ಆನೆಯನ್ನೂ ಕೊಲ್ಲುವಷ್ಟಿತ್ತು.

"ಹಂಗಾದ್ರ ಮುರಿದದ್ದು ಯಾರು?" ಶರ್ವರಿ ಕೇಳಿದಳು.

"ತಂಬಿಗಿ."

ಈ ವಿಷದ ಅಣುವಿನಲ್ಲಿ ಫಾಸ್ಫೇಟಿನ ಬೆಸುಗೆ ಇರುತ್ತದೆ ಎಂದು ಇಂದೂ ಬಿಡಿಸಿ ಹೇಳಿದಳು. ಬರೀ ನೀರಿಗೆ ಅದನ್ನು ಮುರಿಯಲು ವಾರಗಟ್ಟಲೆ ಬೇಕು. ತಂಬಿಗೆಯಿಂದ ನೀರಿಗಿಳಿಯುವ ತಾಮ್ರದ ಅಯಾನು ಎಂಬ ಕಣ ಆ ಬೆಸುಗೆಯನ್ನು ಹಿಡಿದು ಸಡಿಲಿಸುತ್ತದೆ, ನೀರನ್ನು ಪಕ್ಕಕ್ಕೇ ಎಳೆದು ತರುತ್ತದೆ. ನೀರು ಕತ್ತರಿಸುತ್ತದೆ. ತಾಮ್ರ ಸವೆಯದೆ ಮುಂದಿನ ಅಣುವಿಗೆ ಹೋಗುತ್ತದೆ. ಡಿಎನ್‌ಎ ಸರಪಳಿಯಲ್ಲೂ ಇಂಥದೇ ಬೆಸುಗೆ. ಅದನ್ನು ಕತ್ತರಿಸುವ ಲೋಹಗಳೂ ಇವೆ.

ಅವಳು ಪರೀಕ್ಷೆಯನ್ನೂ ಮಾಡಿದ್ದಳು. ಅದೇ ವಿಷ, ಗಾಜಿನ ಪಾತ್ರೆಯಲ್ಲಿ ರಾತ್ರಿಯಿಡೀ ಇಟ್ಟರೂ ಹಾಗೇ ಉಳಿಯಿತು. ಆ ತಂಬಿಗೆಯಲ್ಲಿ ಇಟ್ಟದ್ದು ಬೆಳಗಾಗುವಷ್ಟರಲ್ಲಿ ಬಹುಪಾಲು ಮುರಿದಿತ್ತು. ಅದೇ ತಂಬಿಗೆಯಲ್ಲೂ ಮೊದಲ ಅರ್ಧ ಗಂಟೆಯಲ್ಲಿ ಏನೂ ಆಗಿರಲಿಲ್ಲ.

* * *

ಶರ್ವರಿ ಶಿವಪ್ರಕಾಶನ ಎದುರು ಕುಳಿತಳು. ಒಂದೊಂದಾಗಿ ಹೇಳಿದಳು. ಬೆಳಗ್ಗೆ ಬೆರೆಸಿದ್ದರೆ ವಿಷ ಇಡಿಯಾಗಿ ಇರುತ್ತಿತ್ತು, ಬಿಂದುಮಾಧವರು ಉಳಿಯುತ್ತಿರಲಿಲ್ಲ. ಅಂದಮೇಲೆ ಬೆರೆಸಿದ್ದು ಸಂಜೆಯೇ. ಆ ಸಂಜೆ ಒಳಗೆ ಬಂದ ಹೊರಗಿನವನು ಒಬ್ಬನೇ. ಇನ್ನು ಕಲ್ಲವ್ವನ ಬಾಟಲಿಯ ಔಷಧಿ ನೀರಿಗೆ ಬಿದ್ದರೆ ಹಾಲಿನಂತೆ ಬೆಳ್ಳಗಾಗುತ್ತದೆ. ತಂಬಿಗೆಯ ನೀರು ತಿಳಿಯಾಗಿತ್ತು. ಅದರಲ್ಲಿದ್ದದ್ದು ಅಂಗಡಿಗೆ ಬಾರದ, ಬೇರೇನೂ ಬೆರೆಸದ ಕಚ್ಚಾ ಸರಕು. ಕಾರ್ಖಾನೆಯ ಡ್ರಮ್ಮಿನ ಮಾದರಿಗೂ ಅದಕ್ಕೂ ಕಲ್ಮಶದ ಕುರುಹು ಸಮೇತ ಹೊಂದಿಕೆಯಾಗಿತ್ತು.

ಶಿವಪ್ರಕಾಶನ ನಗು ಆರಿತು.

"ಸಾಕ್ಷಿ ಹೇಳಬ್ಯಾಡ್ರಿ ಅಂತ ಕೈ ಮುಗದು ಕೇಳ್ದೆ. ಅವರು ಒಪ್ಪಲಿಲ್ಲ," ಎಂದ. "ಇಷ್ಟು ವರ್ಷ ಇದರಾಗ ದುಡದೀನಿ. ತಾಮ್ರದ ಗುಣ ನೆನಪಿಗೇ ಬರ್ಲಿಲ್ಲ."

* * *

ಬಿಡುಗಡೆಯಾದ ಕಲ್ಲವ್ವ ಯಾರನ್ನೂ ಬೈಯಲಿಲ್ಲ. ಸಾಹೇಬರಿಗೆ ಗಂಜಿ ಕೊಟ್ಟರೋ ಇಲ್ಲವೋ ಎಂದು ಕೇಳಿ, ನೇರ ಆಸ್ಪತ್ರೆಗೆ ನಡೆದಳು.

ವಿಚಾರಣೆಯ ದಿನ ಬಿಂದುಮಾಧವರು ಅವಳ ತೋಳು ಹಿಡಿದುಕೊಂಡು ಬಂದರು. ದನಿ ಸಣ್ಣದಾಗಿತ್ತು, ಆದರೆ ಒಂದು ಮಾತೂ ತಡವರಿಸಲಿಲ್ಲ. ಕಾರ್ಖಾನೆಯ ಕೊಳವೆ ಮುಚ್ಚಲು ಅಂದೇ ಆದೇಶವಾಯಿತು. ಹಳ್ಳದ ದಂಡೆಯ ಊರಿನವರು ಅವರನ್ನು ಸುತ್ತುಗಟ್ಟಿದರು.

ಮನೆಗೆ ಹೋಗಿ ಮಲಗಿರಿ ಎಂದು ಶರ್ವರಿ ಗದರಿದಳು. ಅವರು ನಕ್ಕರು.

"ಮಲಗೋದು ಆಮ್ಯಾಲ. ಹಳ್ಳ ತೊಳಿಯೋದು ಹೆಂಗ ಅಂತ ಇವರಿಗೆ ಹೇಳಬೇಕು. ಭಾಳ ಕೆಲಸ ಅದ ರೀ."