ಹೂವಿನ ಮಾರ್ಕೆಟ್ಟಿನ ಮಲಯಾಳಂ ಪಂಥ

ದಾನೇಶ್ವರಿ ಮತ್ತು ಮೃತ್ಯುಂಜಯ ಮೊದಲ ಸಲ ಮಾತಾಡಿದ್ದೇ ಜಗಳದಲ್ಲಿ. ಚಾಮರಾಜನಗರದಲ್ಲಿ ಇಂಗ್ಲಿಷ್ ಮೇಷ್ಟ್ರುಗಳಿಗೆ ತರಬೇತಿ ನಡೆದಿತ್ತು. ಎರಡನೆಯ ಭಾಷೆ ಹೇಗೆ ಬರುತ್ತದೆ ಎಂಬುದು ಅವತ್ತಿನ ವಿಷಯ. ಹರವೆ ಹೈಸ್ಕೂಲಿನ ದಾನೇಶ್ವರಿ ಎದ್ದು ನಿಂತು, ನಿಯಮ ಕಲಿಸಿ, ಬಾಯಿ ಬಿಡಿಸಿ, ತಪ್ಪು ತಿದ್ದಿದರೆ ಮಾತ್ರ ಭಾಷೆ ಬರುತ್ತದೆ ಎಂದು ಖಡಾಖಂಡಿತವಾಗಿ ಹೇಳಿದಳು.

ಚಂದಕವಾಡಿಯ ಮೃತ್ಯುಂಜಯ ಹಿಂದಿನ ಬೆಂಚಿನಿಂದ ಮೆಲ್ಲಗೆ ಅಡ್ಡಬಂದ. ಅರ್ಥವಾಗುವ ಮಾತು ಕಿವಿಗೆ ಬೀಳುತ್ತಿದ್ದರೆ ಸಾಕು. ಕಲಿಯುವವರು ಮೊದಲು ಸುಮ್ಮನೆ ಕೇಳುತ್ತಾರೆ, ಭಯ ಹೋದ ದಿನ ತಾವಾಗಿಯೇ ಮಾತಾಡುತ್ತಾರೆ. ಅವಸರ ಮಾಡಿದರೆ ಬಾಯಿಗೆ ಬೀಗ ಬೀಳುತ್ತದೆ ಎಂದ.

"ಹಾಗಾದ್ರೆ ನಿಮ್ಮ ಕ್ಲಾಸಲ್ಲಿ ವರ್ಷಪೂರ್ತಿ ಮೌನವ್ರತನಾ ಸರ್?"

ಇಡೀ ಹಾಲ್ ನಕ್ಕಿತು. ಅವನೂ ನಕ್ಕ. ಆ ನಗುವಿನಲ್ಲಿ ಚೂರೂ ಸಿಟ್ಟಿಲ್ಲದ್ದು ಕಂಡು ಅವಳಿಗೆ ಯಾಕೋ ಕಸಿವಿಸಿಯಾಯಿತು.

ಊಟದ ಹೊತ್ತಿಗೆ ಪಂಥವೂ ಕಟ್ಟಿಯಾಯಿತು. ಇಬ್ಬರಿಗೂ ಬಾರದ ಭಾಷೆ ಮಲಯಾಳಂ. ಅವಳು ಪುಸ್ತಕದಿಂದ ಕಲಿಯುವುದು, ಅವನು ಕಿವಿಯಿಂದ. ಅವಳಪ್ಪ ಮರಿಮಲ್ಲಪ್ಪ ಭಾನುವಾರಗಳಂದು ಗುಂಡ್ಲುಪೇಟೆ ಮಾರ್ಕೆಟ್ಟಿನಲ್ಲಿ ತಮ್ಮ ಹೊಲದ ಚೆಂಡುಹೂವು ಮಾರುತ್ತಿದ್ದರು. ಮೂರು ತಿಂಗಳು ಕಳೆದು ಓಣಂ ಹತ್ತಿರವಾದಾಗ, ಆ ಹೂವನ್ನು ಕೇರಳದ ವ್ಯಾಪಾರಿಗೆ ಮಲಯಾಳಂನಲ್ಲೇ ಮಾತಾಡಿ ಮಾರಿದವರು ಗೆದ್ದಂತೆ.

ಅಲ್ಲಿಂದ ಪ್ರತಿ ಭಾನುವಾರ ಅವನ ಬೈಕು ಚಂದಕವಾಡಿಯಿಂದ ಮಾರ್ಕೆಟ್ಟಿಗೆ ಬರತೊಡಗಿತು. ಹೂವಿನ ರಾಶಿಯ ಪಕ್ಕ ಕೂತು ಮಲಯಾಳಿಗಳ ಮಾತು ಕೇಳುತ್ತಿದ್ದ, ತುಟಿ ಬಿಚ್ಚುತ್ತಿರಲಿಲ್ಲ. ಅವಳು ಪಕ್ಕದಲ್ಲೇ ಕ್ರಿಯಾಪದ ಉರು ಹೊಡೆಯುತ್ತಿದ್ದಳು. ತಲೆ ಎತ್ತಿದರೆ ಅವನ ಕಣ್ಣು ಇವಳ ಮೇಲೆ. ಸಿಕ್ಕಿಬಿದ್ದ ಕೂಡಲೇ ವ್ಯಾಪಾರಿಗಳ ಕಡೆ ತಿರುಗಿ, ಮಹಾ ಶ್ರದ್ಧೆಯಿಂದ ಕಿವಿಗೊಟ್ಟವನಂತೆ ನಟಿಸುತ್ತಿದ್ದ. ಮೂರನೇ ವಾರದಿಂದ ಅವಳು ಬೇಕೆಂದೇ ತಲೆ ಎತ್ತತೊಡಗಿದಳು. ಆರನೇ ವಾರಕ್ಕೆ, ಬೈಕು ಹತ್ತು ನಿಮಿಷ ತಡವಾದರೂ ಪುಸ್ತಕದ ಒಂದಕ್ಷರವೂ ತಲೆಗೆ ಹೋಗುತ್ತಿರಲಿಲ್ಲ. ಇದು ಪ್ರೀತಿಯೇ ಎಂದು ಅವಳಿಗೆ ಗೊತ್ತಿತ್ತು.

ಆದರೆ ಮೈಸೂರಿಗೆ ವರ್ಗಾವಣೆ ಕೇಳಿ ಅವಳು ಹಿಂದೆಂದೋ ಹಾಕಿದ್ದ ಅರ್ಜಿಗೆ ಈಗ ಕರೆ ಬಂದಿತ್ತು. ಪಂಥದ ಭಾನುವಾರದ ಮಾರನೆಯ ದಿನವೇ ಕೌನ್ಸೆಲಿಂಗ್. ಅಲ್ಲಿ ಒಪ್ಪಿಬಿಟ್ಟರೆ ಮುಗಿಯಿತು. ಹೋಗಬೇಡವೆಂದು ಮೃತ್ಯುಂಜಯ ಒಂದು ಮಾತು ಹೇಳಿದ್ದರೆ ಅವಳು ಆ ಕಡೆ ತಲೆಯೂ ಹಾಕುತ್ತಿರಲಿಲ್ಲ. ಪುಣ್ಯಾತ್ಮ, ಸುದ್ದಿ ಕೇಳಿ ನೆಲ ನೋಡುತ್ತಾ, ಮೈಸೂರು ಒಳ್ಳೆ ಊರು ಮೇಡಂ ಎಂದ. ಅವಳಿಗೆ ಅಳು ಬರುವಷ್ಟು ಕೋಪ ಬಂತು.

ಪಂಥದ ದಿನ ಕೇರಳದ ಬತ್ತೇರಿಯ ವ್ಯಾಪಾರಿ ಸುಧಾಕರ್ ಲಾರಿ ತಂದು ನಿಲ್ಲಿಸಿದ. ಮೊದಲು ದಾನೇಶ್ವರಿ ಮಾತಾಡಿದಳು. ವಾಕ್ಯಗಳಲ್ಲಿ ಒಂದೂ ತಪ್ಪಿರಲಿಲ್ಲ, ಆದರೆ ಒಂದೊಂದು ಪದ ಹೊರಡುವಷ್ಟರಲ್ಲಿ ಸುಧಾಕರ್ ಎರಡು ಸಲ ವಾಚು ನೋಡಿದ. ಆಮೇಲೆ ಮೃತ್ಯುಂಜಯ ಬಾಯಿ ತೆರೆದ. ಮೂರು ತಿಂಗಳು ಕಲ್ಲಿನಂತೆ ಕೂತಿದ್ದವನು ಅರಳು ಹುರಿದಂತೆ ಮಾತಾಡಿದ. ತಪ್ಪುಗಳು ಬೇಕಾದಷ್ಟಿದ್ದವು, ಯಾರೂ ಲೆಕ್ಕಕ್ಕಿಡಲಿಲ್ಲ. ಹೂವು ಮಾರಾಟವಾಯಿತು.

ಸುಧಾಕರ್ ಅವನ ಬೆನ್ನು ತಟ್ಟಿ, ಇಷ್ಟು ಕಷ್ಟಪಟ್ಟು ಯಾಕೆ ಕಲಿತೆ, ಕೇರಳದಲ್ಲಿ ಕೆಲಸ ಸಿಕ್ಕಿದೆಯಾ ಎಂದು ಮಲಯಾಳಂನಲ್ಲೇ ಕೇಳಿದ. ಮೃತ್ಯುಂಜಯ ಒಮ್ಮೆ ದಾನೇಶ್ವರಿಯ ಕಡೆ ನೋಡಿದ. ಪುಸ್ತಕದಲ್ಲಿ ಕಲಿತವಳ ಕಿವಿಗೆ ಇಷ್ಟು ವೇಗದ ಮಾತು ಹತ್ತುವುದಿಲ್ಲವೆಂದು ಅವನ ಸಿದ್ಧಾಂತವೇ ಹೇಳುತ್ತಿತ್ತು. ಆ ಧೈರ್ಯದಲ್ಲಿ ಹೇಳಿಬಿಟ್ಟ. ಕೆಲಸವೂ ಇಲ್ಲ, ಏನೂ ಇಲ್ಲ, ಆ ಹುಡುಗಿಯ ಪಕ್ಕ ಕೂರಲು ಒಂದು ನೆಪ ಬೇಕಿತ್ತು ಅಣ್ಣ. ಅವಳು ಮೈಸೂರಿಗೆ ಹೋಗಿಬಿಡುತ್ತಾಳೆ, ನನಗೆ ತಡೆಯಲಾಗುತ್ತಿಲ್ಲ. ಕನ್ನಡದಲ್ಲಿ ಹೇಳೋಣವೆಂದರೆ ಎದೆ ಹೊಡೆದುಕೊಳ್ಳುತ್ತದೆ, ನಿಮ್ಮ ಭಾಷೆಯಲ್ಲಾದರೆ ಹೆದರಿಕೆಯಿಲ್ಲ ಎಂದ.

ಮೂರು ತಿಂಗಳು ಅದೇ ಮಾತುಗಳ ನಡುವೆ ಕೂತಿದ್ದ ದಾನೇಶ್ವರಿಗೆ ಪ್ರತಿಯೊಂದು ಪದವೂ ಅರ್ಥವಾಯಿತು. ಸಂತೋಷದಲ್ಲಿ ಪುಸ್ತಕ ಕೈಜಾರಿ ಹೂವಿನ ರಾಶಿಯೊಳಗೆ ಬಿತ್ತು. ಅದನ್ನು ಅಲ್ಲೇ ಬಿಟ್ಟು ಅವನ ಎದುರು ಬಂದು ನಿಂತಳು.

"ಸರ್, ಈಗ ಹೇಳಿದ್ರಲ್ಲ, ಅದನ್ನ ಕನ್ನಡದಲ್ಲಿ ಹೇಳಿ."

ಅವನ ಮುಖ ಬಿಳುಚಿಕೊಂಡಿತು. "ನಿಮ್ಗೆ ಅರ್ಥ ಆಯ್ತಾ?"

"ಎಲ್ಲಾ ಆಯ್ತು. ಆದ್ರೂ ಹೇಳಿ."

ತರಗತಿಯಲ್ಲಿ ಯಾರನ್ನೂ ಎರಡು ಕ್ಷಣ ಕಾಯದ ದಾನೇಶ್ವರಿ ಕೈಕಟ್ಟಿ ಕಾದಳು. ಚೀಲಗಳು ಲಾರಿ ಏರಿದವು. ಸುಧಾಕರ್ ಬೀಡಿ ಹಚ್ಚಿದ. ಕೊನೆಗೆ ಬಂದ ಮಾತು ಮೇಷ್ಟ್ರ ಕನ್ನಡದ್ದಲ್ಲ, ಅವನವ್ವನ ಮನೆಯ ಕನ್ನಡದ್ದು.

"ಓಗ್ಬೇಡಿ. ನೀವಿಲ್ದೆ ನಂಗಾಗಕಿಲ್ಲ."

"ಹೋಗಲ್ಲ," ಎಂದಳು ಅವಳು. ಕಣ್ಣು ತುಂಬಿದ್ದರೂ ನಗುತ್ತಿದ್ದಳು.

ಚೀಲದ ಬಾಯಿ ಹೊಲಿಯುತ್ತಿದ್ದ ಮರಿಮಲ್ಲಪ್ಪ ದಬ್ಬಣದಿಂದ ಕಣ್ಣು ತೆಗೆಯಲಿಲ್ಲ.

"ಮೇಷ್ಟ್ರೇ, ಮೂವತ್ತು ವರ್ಸದಿಂದ ಇವ್ರಿಗೇ ಹೂ ಮಾರ್ತಾ ಇವ್ನಿ. ನೀವು ಸುಧಾಕರ್‌ಗೆ ಏಳ್ದಾಗ್ಲೇ ನಂಗೂ ಗೊತ್ತಾಯ್ತು. ಬರೋ ಭಾನುವಾರ ಮಾರ್ಕೆಟ್‌ಗೆ ಬರ್ಬೇಡಿ. ಅಪ್ಪ ಅವ್ವನ್ನ ಕರ್ಕಂಡು ಮನೆಗೇ ಬಂದ್ಬುಡಿ."