ಅಂಟಲ್ಲ, ಹೆದರ್ಬೇಡಿ

"ಗ್ಲೌಸ್ ತೆಗೆದು ಚಹಾ ಕುಡೀರಿ ಮಾಸ್ಟ್ರೇ. ಲೋಟ ತೊಳೆದೇ ಕೊಟ್ಟಿದೀವಿ!"

ಆ ದಿನವಷ್ಟೇ ಕೆಲಸಕ್ಕೆ ಸೇರಿದ್ದ ಬಣ್ಣದ ಮಾಸ್ಟರ್ ತಬ್ಬಿಬ್ಬಾದ. ತಲೆ ತಗ್ಗಿಸಿ, ರಬ್ಬರ್ ಗ್ಲೌಸ್ ಹಾಕಿದ್ದ ಕೈಯಲ್ಲೇ ಲೋಟ ಹಿಡಿದು ಕುಡಿದ.

ಹಾಗೆಂದವಳು ಮುಖ ತಿರುಗಿಸಿದಳು. ಥೂ! ಇವನೂ ಅಷ್ಟೇ!

ಅದು ಹೆಂಗಸರು ಹತ್ತಿಯ ಹಗ್ಗ ಹೊಸೆದು, ಬಣ್ಣ ಹಾಕಿ, ಕೈಚೀಲ ಹೆಣೆಯುವ ಜಾಗ. ಅಲ್ಲಿದ್ದ ಹೆಂಗಸರೆಲ್ಲ ಎಚ್‌ಐವಿಯೊಂದಿಗೆ ಬದುಕುತ್ತಿದ್ದವರು. ಕೆಲಸ ನೋಡಿಕೊಳ್ಳುತ್ತಿದ್ದವಳು ಇವಳೇ. ಬಾಯಿಯ ಖಾರಕ್ಕೆ ಎಲ್ಲರೂ ಇಟ್ಟ ಹೆಸರು 'ಮೆಣಸಿನಕಾಯಿ'.

ಹುಟ್ಟಿನಿಂದ ಬಂದ ಖಾರವಲ್ಲ ಬಿಡಿ. ಗಂಡ ಕಾಯಿಲೆ ಅಂಟಿಸಿ ಕಣ್ಣು ಮುಚ್ಚಿದ. ತವರಿಗೆ ಬಂದರೆ ಅತ್ತಿಗೆ ಇವಳ ತಟ್ಟೆಯನ್ನು ಬಚ್ಚಲಲ್ಲಿಟ್ಟಳು... ಪೊರಕೆಯ ಪಕ್ಕದಲ್ಲಿ! ಇವಳು ಮುಟ್ಟಿದ ಬಾಗಿಲ ಚಿಲಕಕ್ಕೂ ಸೋಪು ಹಾಕಿ ಉಜ್ಜುತ್ತಿದ್ದಳು. "ಮುಟ್ಟಿದ್ರೆ ಅಂಟಲ್ಲ ಅತ್ತಿಗೆ, ಹೆದರ್ಬೇಡಿ" ಎಂದು ಹೇಳಿ ಹೇಳಿ ಇವಳ ನಾಲಿಗೆ ಸವೆದುಹೋಯಿತು. ಒಡಹುಟ್ಟಿದ ಅಣ್ಣ ಕೇಳಿಸಿಯೂ ಕೇಳಿಸದವನಂತೆ ಟಿವಿ ನೋಡುತ್ತ ಕೂತಿದ್ದ. ಅಂಥ ಅಣ್ಣನ ಮುಖಕ್ಕಿಷ್ಟು!

ಈಗ ಸ್ವಂತ ದುಡಿಮೆ, ಸ್ವಂತ ಬಾಡಿಗೆ ಕೋಣೆ. ಯಾರ ಹಂಗೂ ಇಲ್ಲ. ಇನ್ನು ಯಾರನ್ನೂ ಹತ್ತಿರ ಬಿಟ್ಟುಕೊಳ್ಳಬಾರದು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಆದರೆ ಈ ಮಾಸ್ಟರ್ ಅರ್ಥವೇ ಆಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವಳು ಅರ್ಧ ಕುಡಿದಿಟ್ಟ ಚಹಾವನ್ನು ತನ್ನದೆಂದುಕೊಂಡು ಗಟಗಟ ಕುಡಿದುಬಿಟ್ಟ.

"ಅಯ್ಯೋ, ಅದು ನನ್ನ ಎಂಜಲು!"

"ಹೌದಾ? ಅದಕ್ಕೇ ಇಷ್ಟು ಖಾರ!" ಎಂದು ನಕ್ಕ.

ಅವಳ ಎದೆ ಝಲ್ಲೆಂದಿತು. ಎಂಜಲು ಕುಡಿಯೋನಿಗೆ ಬರಿಗೈಲಿ ಲೋಟ ಮುಟ್ಟೋಕೆ ಅಸಹ್ಯಾನಾ? ಎಂಥಾ ನಾಟಕ!

"ನಿನ್ನನ್ನೇ ನೋಡ್ತಿರ್ತಾನೆ ಕಣೇ. ಬಣ್ಣದ ಹಂಡೆ ಉಕ್ಕಿದ್ರೂ ಅವನಿಗೆ ಗೊತ್ತಾಗಲ್ಲ," ಎಂದು ಜೊತೆಯಲ್ಲಿ ಹಗ್ಗ ಹೊಸೆಯುವ ದೊಡ್ಡಕ್ಕ ಕಿಚಾಯಿಸಿದಳು.

"ನೋಡೋಕೆ ಕಣ್ಣು ಸಾಕಲ್ವಾ ದೊಡ್ಡಕ್ಕ? ಗ್ಲೌಸ್ ಯಾಕಂತೆ?"

ಮಾರನೆಯ ವಾರ ದೊಡ್ಡಕ್ಕ ಮಾತ್ರೆ ತರಲು ಆಸ್ಪತ್ರೆಗೆ ಹೋದಳು. ಚೀಲದ ಹಿಡಿಗೆ ಹಗ್ಗ ಹೊಸೆಯಲು ಇಬ್ಬರು ಬೇಕು. ಎರಡು ತುದಿಯಲ್ಲಿ ಕೂತು ಎದುರುಬದುರು ತಿರುಚಬೇಕು. ಆ ಕಡೆ ಮಾಸ್ಟರ್ ಕೂತ. ರಬ್ಬರಿಗೆ ಹಗ್ಗ ಜಾರುತ್ತಿತ್ತು, ಹುರಿ ಸಡಿಲವಾಗುತ್ತಿತ್ತು.

"ಬರಿಗೈಯಲ್ಲಿ ಹಿಡೀರಿ."

"ಬೇಡ ಮೇಡಂ..."

ಅವಳ ತಾಳ್ಮೆ ಕಿತ್ತುಹೋಯಿತು. "ನಮ್ಮನ್ನ ಮುಟ್ಟೋಕೆ ಅಷ್ಟು ಹೇಸಿಗೆ ಆದ್ರೆ ಬಾಗಿಲು ಅಲ್ಲಿದೆ, ಹೋಗಿ! ಇಲ್ಲಾ ಗ್ಲೌಸ್ ತೆಗೀರಿ!"

ಅವನು ಅವಳನ್ನೇ ನೋಡಿದ. ಆಮೇಲೆ ನಿಧಾನವಾಗಿ ಗ್ಲೌಸ್ ಕಳಚಿದ.

ಬೂದು ತಿರುಗಿದ ಬೆರಳುಗಳು. ಪದರ ಪದರವಾಗಿ ಎದ್ದ ಚರ್ಮ, ಬಿರುಕು ಬಿಟ್ಟ ಗಂಟುಗಳು, ಅರ್ಧ ಸವೆದ ಉಗುರು. ಮುಲಾಮು ಮತ್ತು ಬೆವರಿನ ವಾಸನೆ ಗಪ್ಪೆಂದು ಬಡಿಯಿತು.

ಅವಳ ಕೈಯಿಂದ ಹಗ್ಗ ಜಾರಿತು. ಹೊಸೆದದ್ದೆಲ್ಲ ಬಿಚ್ಚಿಕೊಂಡು ನೆಲದ ಮೇಲೆ ಹೊರಳಾಡಿತು.

"ಬಣ್ಣದ ಕೆಲಸದಿಂದ ಆಗಿದ್ದು," ಎಂದ ಅವನು. "ಅಂಟಲ್ಲ... ಹೆದರ್ಬೇಡಿ."

ಅವಳು ಎದ್ದು ಬಚ್ಚಲಿಗೆ ಓಡಿದಳು.

ಏನು ಮಾಡುತ್ತಿದ್ದೇನೆಂಬ ಎಚ್ಚರ ಬಂದಾಗ ನಲ್ಲಿ ಸುರಿಯುತ್ತಿತ್ತು. ಅವಳು ಸೋಪು ಹಾಕಿ ಕೈ ಉಜ್ಜುತ್ತಿದ್ದಳು. ಅವನನ್ನು ಮುಟ್ಟಿಯೇ ಇರಲಿಲ್ಲ! ಆದರೂ ಉಜ್ಜುತ್ತಿದ್ದಳು... ಥೇಟ್ ಅತ್ತಿಗೆಯ ಹಾಗೆ!

ಥೂ ನನ್ನ ಜನ್ಮಕ್ಕೆ! ಕೈಯ ಸೋಪಿನ ನೊರೆ ತೊಳೆದುಕೊಳ್ಳುವಷ್ಟೂ ನಿಲ್ಲದೆ ಹೊರಗೆ ಓಡಿ ಬಂದಳು.

ಅವನು ಹೊರಡಲು ಚೀಲ ಹೆಗಲಿಗೇರಿಸುತ್ತಿದ್ದ.

"ನಾನು ಕೈ ತೊಳ್ಕೊಂಡೆ," ಎಂದಳು. "ಸೋಪು ಹಾಕಿ... ನಾನು! ಬೈಯಿರಿ ನನ್ನ!"

"ಬೈಯೋಕಾಗಲ್ಲ." ಅವನು ಚೀಲ ಕೆಳಗಿಟ್ಟ. "ಮದುವೆ ಮಾತು ಬಂದ ಕಡೆ ಎಲ್ಲಾ ಈ ಕೈ ನೋಡಿ ಎದ್ದು ಹೋದ್ರು. ನೀವೂ ಎದ್ದು ಹೋದ್ರೆ ತಡ್ಕೊಳ್ಳೋಕಾಗಲ್ಲ ಅಂತ ಮುಚ್ಚಿಟ್ಟೆ. ಅಷ್ಟು ಇಷ್ಟ ನೀವು ನಂಗೆ..."

"ಎದ್ದು ಹೋದೆ. ವಾಪಸ್ ಬಂದಿದೀನಲ್ಲ!" ತೋಳಿನಿಂದ ಕಣ್ಣೀರು ಒರೆಸಿಕೊಂಡಳು. "ನನ್ನ ಕಾಯಿಲೆ?"

"ಡಾಕ್ಟ್ರನ್ನ ಕೇಳಿದೀನಿ. ಮಾತ್ರೆ ತಪ್ಪಿಸ್ದೆ ತಗೊಂಡು, ಪರೀಕ್ಷೇಲಿ ವೈರಸ್ ಕಾಣದಷ್ಟು ಕಮ್ಮಿ ಆಗಿ ಹಾಗೇ ಇದ್ರೆ, ಸಂಸಾರಕ್ಕೂ ತೊಂದ್ರೆ ಇಲ್ವಂತೆ."

"ಸಂಸಾರದವರೆಗೂ ಹೋಗ್ಬಿಟ್ರಾ? ನನ್ನೊಂದು ಮಾತು ಕೇಳ್ದೆ?"

ಅವನ ಕಿವಿ ಕೆಂಪಾಯಿತು.

ಅವಳು ಹತ್ತಿರ ಬಂದಳು. "ಸುಳ್ಳು ಹೇಳಲ್ಲ. ಇನ್ನೂ ಒಂಥರಾ ಆಗ್ತಿದೆ ನಂಗೆ."

"ಆಗ್ಲಿ. ನಿಧಾನಕ್ಕೆ..."

ಅವಳು ಕಣ್ಣು ಮುಚ್ಚಲಿಲ್ಲ. ನೋಡುತ್ತಲೇ ಆ ಒರಟು ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಅವನು ಹಲ್ಲು ಕಚ್ಚಿದ.

"ನೋವಾಯ್ತಾ?"

"ನಿಮ್ಮ ಕೈಯಲ್ಲಿನ್ನೂ ಸೋಪಿದೆ... ಉರೀತಿದೆ."

"ಅಯ್ಯೋ, ಬಿಡ್ಲಾ?"

"ಬಿಡ್ಬೇಡಿ."